ಒಂಬತ್ತು ಕುಂಡ, ಒಂದು ಚೊಂಬು

ವಿಶಾಖಪಟ್ಟಣ
೧೦ ಮಾರ್ಚ್ ೨೦೨೪, ಭಾನುವಾರ

ಪ್ರೇರಣಮ್ಮನವರಿಗೆ ಗ್ರೀನ್‌ಹೌಸ್ ಕೆಂಪಣ್ಣನ ನಮಸ್ಕಾರ.

ನೀವು ಹೋಗಿ ಇವತ್ತಿಗೆ ನಲವತ್ತೊಂದು ದಿನ. ವಿಜಯವಾಡದಲ್ಲಿ ಹಾಸ್ಟೆಲ್ ಎಂಥದ್ದೋ, ನೀರು ಒಗ್ಗಿತೋ ಇಲ್ಲವೋ, ಅಲ್ಲಿರುವ ನಮ್ಮ ಮಗಳು ದೂರುವ ಆ ಬಿಸಿಲನ್ನು ಹೇಗೆ ತಡೆಯುತ್ತೀರೋ ಎಂದು ಯೋಚನೆ. ಫೋನ್ ಮಾಡಿದರೆ ಒಬ್ಬ ಹೆಂಗಸು ಈ ನಂಬರ್ ಈಗ ಸಿಗುತ್ತಿಲ್ಲ ಎಂದು ತೆಲುಗಿನಲ್ಲಿ ಹೇಳುತ್ತಾಳೆ. ಒಂದು ದಿನ ತಡೆಯಲಾರದೆ ‘ಚೆನ್ನಾಗಿದಾರಾ ತಾಯಿ ಅವರು?’ ಎಂದು ಅವಳನ್ನೇ ಕೇಳಿಬಿಟ್ಟೆ. ನಮ್ಮ ಕಾಳಮ್ಮ, ‘ಅದು ಮಿಷನ್ ಮಾತಾಡೋದು ಕಣ್ರೀ, ಅದಕ್ಕೂ ನಿಮ್ಮ ಕಾಟವೇ?’ ಎಂದು ನಕ್ಕಳು. ಕೊನೆಗೆ ನಿಮ್ಮ ಪಕ್ಕದ ಮೇಜಿನ ಹಾರಿಕಾ ವಿಳಾಸ ಕೊಟ್ಟರು. ‘ನಾನು ಕೊಟ್ಟೆ ಅನ್ನಬೇಡಿ ಅಂಕಲ್’ ಅಂದಿದ್ದರು. ಅಂದುಬಿಟ್ಟೆ ನೋಡಿ. ಹೊಡೆದು ಹಾಕಿದರೆ ಕಾಗದ ಕೊಳಕಾಗುತ್ತದೆ, ಹಾಗೇ ಬಿಡುತ್ತೇನೆ.

ಆರನೇ ಕ್ಲಾಸು ಅರ್ಧಕ್ಕೆ ಬಿಟ್ಟವನ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದಿ. ಇಪ್ಪತ್ತಾರು ವರ್ಷದಿಂದ ಈ ಊರಲ್ಲಿದ್ದರೂ ತೆಲುಗು ಬಾಯಿಗೆ ಬಂತೇ ಹೊರತು ಕೈಗೆ ಬರಲಿಲ್ಲ. ನಮ್ಮ ಪಾವಗಡದ ಅಕ್ಷರ ಓದುವವರು ಲ್ಯಾಬಿನಲ್ಲಿ ನೀವೊಬ್ಬರೇ ಇದ್ದಿರಿ.

ನಿಮ್ಮ ಮೇಜು ಹಾಗೇ ಇದೆ. ಪಾಕದ ಸೀಸೆಯೂ ಇದೆ. ನಾನು ಮೊದಲ ಸಲ ಅದನ್ನು ನೋಡಿದ ದಿನ ನೆನಪಿದೆಯೇ? ಒಂದು ಕೋಳಿ ಮೇವಿಗೂ ಹಾಕುವ ಬಿಳಿ ಪುಡಿ, ಇನ್ನೊಂದು ಸೇಬಿನ ಹುಳಿಯ ಪುಡಿ. ಎರಡೂ ಒಣ. ಎರಡನ್ನೂ ಸೇರಿಸಿ ಬಿಸಿ ಮಾಡಿ ತಿರುವುತ್ತಾ ಕೂತಿರಿ. ಸ್ವಲ್ಪ ಹೊತ್ತಿಗೆ ಜೇನಿನ ಹಾಗೆ ನೀರಾಯಿತು. ‘ನೀರೇ ಹಾಕಲಿಲ್ಲವಲ್ಲಮ್ಮ!’ ಅಂದೆ. ‘ಎಲೆಯ ಸಾರ ತೆಗೆಯೋಕೆ ಇದು ಸಾಕು ಕೆಂಪಣ್ಣ, ಇನ್ನು ಮೇಲೆ ಆ ಮೆಥನಾಲ್ ವಾಸನೆಗೆ ನಿಮ್ಮ ಕಣ್ಣು ಉರಿಯಲ್ಲ’ ಅಂದಿರಿ. ಇಷ್ಟು ವರ್ಷದಲ್ಲಿ ನನ್ನ ಕಣ್ಣು ಉರಿಯುವುದನ್ನು ನೋಡಿದವರು ನೀವೇ ಮೊದಲು.

ಒಂದು ಮಾತು ಕೇಳಬೇಕು. ನೀವು ಪಿಎಚ್.ಡಿ. ಬಿಟ್ಟಿದ್ದು ಆ ಒಂಬತ್ತು ತುಳಸಿ ಕುಂಡಗಳ ಕಾರಣಕ್ಕೇನಾ, ಇಲ್ಲ ಮನೆಯಲ್ಲಿ ಏನಾದರೂ ತಾಪತ್ರಯವೇ? ಮನೆಯ ಕಾರಣವಾದರೆ ಬರೆಯಬೇಡಿ. ಕುಂಡದ ಕಾರಣವಾದರೆ ಬರೆಯಿರಿ.

ಎಳನೀರು ಕುಡಿಯುತ್ತಿರಿ.

ಕೆಂಪಣ್ಣ


ವಿಜಯವಾಡ
೨೨ ಮಾರ್ಚ್ ೨೦೨೪

ಕೆಂಪಣ್ಣ ಅವರಿಗೆ,

ನಿಮ್ಮ ಕಾಗದ ಬಂತು. ಚೆನ್ನಾಗಿದ್ದೇನೆ. ಇಲ್ಲೊಂದು ನೀಟ್ ಕೋಚಿಂಗ್‌ನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಬೆಳಗ್ಗೆ ಆರರಿಂದ ಕ್ಲಾಸು. ಮಕ್ಕಳು ಗಿಡದ ಚಿತ್ರ ನೋಡಿ ಉತ್ತರ ಬಾಯಿಪಾಠ ಮಾಡುತ್ತಾರೆ. ಕಿಟಕಿಯ ಹೊರಗಿನ ಹೊಂಗೆ ಮರದ ಹೆಸರು ಕೇಳಿದರೆ ‘ಇದು ಸಿಲಬಸ್ಸಲ್ಲಿಲ್ಲ ಮೇಡಂ’ ಎನ್ನುತ್ತಾರೆ.

ಕೇಳಿದ್ದೀರಿ, ಹೇಳುತ್ತೇನೆ. ಹೌದು, ಕುಂಡಗಳ ಕಾರಣಕ್ಕೇ.

ಮೆಟಬಾಲೊಮಿಕ್ಸ್ ಅಂದರೆ ಎಲೆಯೊಳಗಿರುವ ನೂರಾರು ಸಣ್ಣ ಸಣ್ಣ ವಸ್ತುಗಳನ್ನು ಒಟ್ಟಿಗೆ ಲೆಕ್ಕ ಹಿಡಿಯುವುದು ಎಂದು ಹೇಳಿದ್ದಾಗ, ‘ಹಾಜರಿ ಪುಸ್ತಕ ಅನ್ನಿ’ ಎಂದಿರಲ್ಲ, ಅದೇ. ಹದಿನೆಂಟು ಕುಂಡಕ್ಕೆ ನೀರು, ಹದಿನೆಂಟಕ್ಕೆ ಇಲ್ಲ. ನೀರು ನಿಂತಾಗ ತುಳಸಿ ತನ್ನ ಎಲೆಯಲ್ಲಿ ಸಕ್ಕರೆ, ಹುಳಿ ಎಲ್ಲ ಕೂಡಿಟ್ಟುಕೊಂಡು ನಮ್ಮ ಸೀಸೆಯ ಪಾಕದಂಥದ್ದನ್ನೇ ಮಾಡಿಕೊಂಡು ಜೀವ ಹಿಡಿಯುತ್ತದೆ ಎಂಬುದು ನನ್ನ ಊಹೆ. ಕಂಪ್ಯೂಟರಿನ ಚಿತ್ರದಲ್ಲಿ ಒಂದೊಂದು ಕುಂಡ ಒಂದೊಂದು ಚುಕ್ಕಿ. ನೀರಿನವು ಒಂದು ಕಡೆ, ಒಣಗಿದವು ಇನ್ನೊಂದು ಕಡೆ ಗುಂಪಾಗಬೇಕು. ಒಣಗಿದವರಲ್ಲಿ ಒಂಬತ್ತು ಚುಕ್ಕಿ ನೀರಿನವರ ಕಡೆಗೆ ಹೋಗಿ ನಿಂತವು. ತೂಕದ ಹಾಳೆಯ ಪ್ರಕಾರ ಆ ಕುಂಡಗಳು ಒಣಗಿಯೇ ಇದ್ದವು. ಉಳಿದಿದ್ದು ಒಂದೇ ಅರ್ಥ, ನಾನು ಬಾಟಲಿಗಳ ಲೇಬಲ್ ಅದಲುಬದಲು ಮಾಡಿದ್ದೇನೆ. ನನ್ನ ಗೈಡ್ ಸೂರ್ಯಕಾಂತಮ್ಮ ಮೇಡಂ ಎಲ್ಲರೆದುರಿಗೆ ಅದನ್ನೇ ಹೇಳಿದರು.

ಮಾಡಿರಬಹುದು. ಈಗ ನನಗೆ ನನ್ನ ಕೈ ಮೇಲೆ ನಂಬಿಕೆ ಹೋಗಿದೆ. ರೂಮಿನ ಬೀಗ ಹಾಕಿ ಬೀದಿಯ ತುದಿಗೆ ಹೋಗಿ ಮತ್ತೆ ವಾಪಸ್ ಬಂದು ಎಳೆದು ನೋಡುತ್ತೇನೆ. ಹಾಜರಿ ಕರೆದ ಮೇಲೆ ಎರಡನೇ ಸಲ ಕರೆಯುತ್ತೇನೆ. ಮಕ್ಕಳು ನಗುತ್ತಾರೆ.

ಇನ್ನು ಈ ವಿಷಯ ಬೇಡ.

ಪ್ರೇರಣಾ


ವಿಶಾಖಪಟ್ಟಣ
೩೧ ಮಾರ್ಚ್ ೨೦೨೪, ಭಾನುವಾರ

ಪ್ರೇರಣಮ್ಮ,

ಬೇಡ ಅಂದಿದ್ದೀರಿ. ಆದರೂ ಬರೆಯುತ್ತೇನೆ. ಬೀಗ ಎಳೆದು ನೋಡುತ್ತೇನೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಮೇಲೆ ಅನ್ನ ಇಳಿಯಲಿಲ್ಲ. ಎಂವಿಪಿ ಕಾಲೋನಿಯ ಪಾರ್ಕಿನಲ್ಲಿ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆದರೆ ಕಾಳಮ್ಮ ಮುಖ ನೋಡಿ ಕಂಡುಹಿಡಿಯುತ್ತಾಳೆ.

ನೀವು ಲೇಬಲ್ ತಪ್ಪು ಹಾಕಿಲ್ಲ. ನಾನು ನೀರು ಹಾಕಿದೆ.

ದೀಪಾವಳಿ ಆದ ಮೇಲೆ ಒಣ ಕುಂಡಗಳಿಗೆ ನೀರು ನಿಲ್ಲಿಸಿದಿರಿ. ಹತ್ತು ದಿನಕ್ಕೆ ನೀವು ಹೈದರಾಬಾದಿಗೆ ಮಿಷನ್ ಕೆಲಸ ಕಲಿಯಲು ಹೋದಿರಿ. ‘ದಿನಾ ಒಂದೊಂದು ಕುಂಡವನ್ನೂ ತೂಗಿ ಹಾಳೆಯಲ್ಲಿ ಬರೀರಿ ಕೆಂಪಣ್ಣ, ನಿಮ್ಮನ್ನೇ ನಂಬಿದೀನಿ’ ಅಂದಿರಿ. ಮಾರನೇ ದಿನ ಉತ್ಥಾನ ದ್ವಾದಶಿ, ಇಲ್ಲಿಯವರು ಕ್ಷೀರಾಬ್ಧಿ ದ್ವಾದಶಿ ಅನ್ನುತ್ತಾರೆ. ಊರಿಗೆ ಊರೇ ತುಳಸಿಗೆ ನೆಲ್ಲಿ ಕೊಂಬೆ ಸಿಕ್ಕಿಸಿ ದೀಪ ಹಚ್ಚುತ್ತಿದೆ. ಬೆಳಗ್ಗೆ ಗ್ರೀನ್‌ಹೌಸ್ ಬಾಗಿಲು ತೆಗೆದರೆ, ಪಶ್ಚಿಮದ ಬಿಸಿಲಿಗೆ ಎದುರಾಗಿದ್ದ ಮುಂದಿನ ಸಾಲಿನ ಒಂಬತ್ತೂ ತಲೆ ಬಗ್ಗಿಸಿ ನಿಂತಿವೆ. ತುಳಸಿ ಹಬ್ಬದ ದಿನ ತುಳಸಿಯೇ ಬಾಯಾರಿ ನಿಂತರೆ ನೋಡುವುದು ಹೇಗಮ್ಮ? ಅದು ಪ್ರಯೋಗ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಾಳಮ್ಮ ಪೂಜೆಗೆ ಕಟ್ಟಿಕೊಟ್ಟಿದ್ದ ಹಿತ್ತಾಳೆ ಚೊಂಬಿನಲ್ಲಿ ಒಂದೊಂದಕ್ಕೆ ಒಂದೊಂದು ಚೊಂಬು ಹಾಕಿದೆ.

ಹಬ್ಬದ ದಿನಕ್ಕೆ ಮಾತ್ರ ಅಂತ ಅಂದುಕೊಂಡಿದ್ದೆ. ಮಾರನೇ ದಿನ ನೋಡಿದರೆ ತಲೆ ಎತ್ತಿವೆ. ಮತ್ತೆ ಬಿಡಲು ಮನಸ್ಸಾಗಲಿಲ್ಲ. ಎಂಟು ದಿನ ಹಾಕಿದೆ. ತೂಕದ ಹಾಳೆಯಲ್ಲಿ ಆ ಒಂಬತ್ತಕ್ಕೆ ಮಾತ್ರ ಸುಳ್ಳು ತೂಕ ಬರೆದೆ, ಹಿಂದಿನ ಸಾಲಿನ ಒಣ ಕುಂಡಗಳ ತೂಕ ನೋಡಿ ಅದರ ಹಾಗೇ ಇಳಿಸುತ್ತಾ ಹೋದೆ. ನೀವು ಚೀಟಿ ಎತ್ತಿ ಕುಂಡಗಳ ಜಾಗ ಕಲಸಿದ್ದರಿಂದ ನಂಬರು ಹಿಂದೆ ಮುಂದೆ ಇದ್ದವು. ಮರೆಯಬಾರದೆಂದು ಕ್ಯಾಲೆಂಡರಿನ ನವೆಂಬರ್ ಹಾಳೆಯ ಹಿಂದೆ ಬರೆದುಕೊಂಡೆ. ಆ ಹಾಳೆ ಇದರ ಜೊತೆ ಇಟ್ಟಿದ್ದೇನೆ. ೪, ೭, ೧೧, ೧೩, ೧೯, ೨೨, ೨೬, ೩೦, ೩೫.

ನೀವು ಬಂದವರು ಆ ಸಾಲು ನೋಡಿ ‘ಇವು ಗಟ್ಟಿ ಗಿಡ ಕೆಂಪಣ್ಣ! ನೀರಿಲ್ಲದೇನೂ ಹೇಗೆ ನಿಂತಿವೆ ನೋಡಿ’ ಅಂತ ಕುಣಿದಾಡಿದಿರಿ. ಆಗ ಹೇಳಬೇಕಿತ್ತು. ನಿಮ್ಮ ಸಂತೋಷ ನೋಡಿ ಬಾಯಿ ಬರಲಿಲ್ಲ. ಆಮೇಲೆ ನಿಮ್ಮ ದುಃಖ ನೋಡಿ ಬಾಯಿ ಬರಲಿಲ್ಲ.

ಒಂದು ಬೇಡಿಕೆ. ಜೂನ್ ಮೂವತ್ತಕ್ಕೆ ನನ್ನ ರಿಟೈರ್. ಆಮೇಲೂ ಎರಡು ವರ್ಷ ಗ್ರೀನ್‌ಹೌಸಿನಲ್ಲೇ ಇಟ್ಟುಕೊಳ್ಳುತ್ತೇನೆ ಅಂತ ಮೇಡಂ ಮಾತು ಕೊಟ್ಟಿದ್ದಾರೆ. ಸಿಂಹಾಚಲದ ಬೆಟ್ಟ ಕಾಣುವ ಊರು ಬಿಟ್ಟು ಹೋಗಲು ಕಾಳಮ್ಮನಿಗೆ ಇಷ್ಟವಿಲ್ಲ. ಜೂನ್ ಕಳೆಯುವವರೆಗೆ ನನ್ನ ಹೆಸರು ಹೇಳಬೇಡಿ. ಆಮೇಲೆ ನಾನೇ ಹೇಳುತ್ತೇನೆ. ಖಂಡಿತ ಹೇಳುತ್ತೇನೆ.

ಕೆಂಪಣ್ಣ


ವಿಜಯವಾಡ
೯ ಏಪ್ರಿಲ್ ೨೦೨೪, ಯುಗಾದಿ

ಕೆಂಪಣ್ಣ ಅವರಿಗೆ,

ಎರಡು ಕಾಗದ ಬರೆದು ಹರಿದೆ. ಇದು ಮೂರನೆಯದು.

ಡಿಸೆಂಬರಿನಲ್ಲಿ ಹನ್ನೊಂದು ದಿನ ನಾನು ಆ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಲೇಬಲ್ ನೋಡುತ್ತಾ ಅತ್ತೆ. ಹನ್ನೊಂದು ದಿನವೂ ನೀವು ಟೀ ತಂದುಕೊಟ್ಟಿರಿ. ಸಕ್ಕರೆ ಕಡಿಮೆ ಹಾಕಿಸಿ ತಂದಿರಿ. ‘ಅಳಬೇಡಿ ಅಮ್ಮಣ್ಣಿ, ಎಲ್ಲೋ ಏನೋ ಆಗಿರತ್ತೆ’ ಅಂದಿರಿ. ನೀರು ಹಾಕಿದ್ದು ನನಗೆ ಅರ್ಥವಾಗುತ್ತದೆ. ನಮ್ಮಜ್ಜಿಯೂ ಹಾಕುತ್ತಿದ್ದರು. ಆ ಟೀ ಅರ್ಥವಾಗುತ್ತಿಲ್ಲ.

ನಿಮ್ಮ ಹೆಸರು ಯಾರಿಗೂ ಹೇಳುವುದಿಲ್ಲ. ಕ್ಯಾಲೆಂಡರ್ ಹಾಳೆ ವಾಪಸ್ ಕಳಿಸಿದ್ದೇನೆ. ಅದು ನನ್ನ ಹತ್ತಿರ ಇದ್ದರೆ ನಾನೇನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಹೇಗೂ ಈ ತಿಂಗಳ ಮೂವತ್ತಕ್ಕೆ ನನ್ನ ಪಿಎಚ್.ಡಿ. ನೋಂದಣಿ ರದ್ದಾಗುತ್ತದೆ. ಜೂನ್‌ಗೆ ನೀವು ಹೇಳಿದರೂ ಅಷ್ಟೇ, ಹೇಳದಿದ್ದರೂ ಅಷ್ಟೇ.

ಕಾಳಮ್ಮನವರಿಗೆ ಹಬ್ಬದ ಶುಭಾಶಯ ತಿಳಿಸಿ.

ಪ್ರೇರಣಾ


ವಿಶಾಖಪಟ್ಟಣ
೨೦ ಏಪ್ರಿಲ್ ೨೦೨೪, ಶನಿವಾರ

ಪ್ರೇರಣಮ್ಮನವರಿಗೆ,

ಮೂವತ್ತನೇ ತಾರೀಕಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ಕಾಗದ ಬಂದ ದಿನ ಕಾಳಮ್ಮನ ಮುಂದೆ ಎಲ್ಲ ಕಕ್ಕಿಬಿಟ್ಟೆ. ಅವಳು ತರಕಾರಿ ಹೆಚ್ಚುತ್ತಿದ್ದವಳು ಈಳಿಗೆಮಣೆ ಬಿಟ್ಟು ಎದ್ದಳು. ‘ನನ್ನ ಚೊಂಬಿನಲ್ಲಾ?’ ಅಂದಳು. ‘ಹೂಂ’ ಅಂದೆ. ‘ಹಾಗಾದರೆ ನನಗೂ ಪಾಲಿದೆ. ಬೆಟ್ಟ ಎಲ್ಲಿಗೂ ಓಡಿಹೋಗಲ್ಲ, ನೀವು ಹೋಗಿ ಹೇಳಿ’ ಅಂದಳು. ಅಂದರೂ ನಾನು ಮೂರು ದಿನ ಮೇಡಂ ಕೋಣೆಯ ಬಾಗಿಲವರೆಗೆ ಹೋಗಿ ಹೋಗಿ ಬಂದೆ. ಮೊದಲನೇ ದಿನ ಅವರು ಫೋನಿನಲ್ಲಿದ್ದರು. ಎರಡನೇ ದಿನ ಇರಲಿಲ್ಲ. ಮೂರನೇ ದಿನ ಇದ್ದರು, ನಾನೇ ತಿರುಗಿ ಬಂದೆ.

ಗುರುವಾರ ಅವರೇ ಕರೆದರು. ‘ಏಮಿಟಿ ಕೆಂಪಣ್ಣ ಗಾರೂ, ದಿನಾ ಬಾಗಿಲಿಗೆ ಬಂದು ನಿಲ್ತೀರಂತೆ, ರಜೆ ಬೇಕಾ?’ ಅಂದರು. ರಜೆ ಬೇಡ ಮೇಡಂ ಅಂತ ಶುರು ಮಾಡಿದವನು ನಿಲ್ಲಿಸಲಿಲ್ಲ. ತೆಲುಗು ಮಧ್ಯೆ ಕನ್ನಡ ಬಂತು, ಕನ್ನಡದ ಮಧ್ಯೆ ಅಳು ಬಂತು. ಕ್ಯಾಲೆಂಡರ್ ಹಾಳೆ ಮೇಜಿನ ಮೇಲಿಟ್ಟೆ.

ಅವರು ಬೈಯಲಿಲ್ಲ. ಹಾರಿಕಾರನ್ನು ಕರೆದು ನಿಮ್ಮ ಹಳೇ ಚಿತ್ರ ತೆಗೆಸಿದರು. ನನ್ನ ಕನ್ನಡ ಅಂಕಿ ಅವರಿಬ್ಬರಿಗೂ ಓದಲು ಬರುವುದಿಲ್ಲ. ನಾನೇ ಓದಿದೆ, ನಾಲುಗು, ಏಡು, ಪದಕೊಂಡು… ಒಂದೊಂದು ಹೇಳಿದಂತೆ ಹಾರಿಕಾ ಒಂದೊಂದು ಚುಕ್ಕಿಗೆ ಹಳದಿ ಬಣ್ಣ ಕೊಟ್ಟರು. ಮೂವತ್ತೈದು ಅಂದ ಮೇಲೆ ನೋಡಿದರೆ, ದಾರಿ ತಪ್ಪಿಸಿಕೊಂಡಿದ್ದ ಒಂಬತ್ತೂ ಹಳದಿ. ಉಳಿದದ್ದರಲ್ಲಿ ಒಂದೂ ಹಳದಿ ಇಲ್ಲ. ಹಾರಿಕಾ ಇನ್ನೇನೋ ಒತ್ತಿ ಚಿತ್ರ ತಿರುಗಿಸಿದರು. ಆಗ ಅವು ನೀರಿನವರ ಜೊತೆಗೂ ಇಲ್ಲ, ಒಣಗಿದವರ ಜೊತೆಗೂ ಇಲ್ಲ, ಎರಡರ ನಡುವೆ ತಾವೇ ಒಂದು ಗುಂಪಾಗಿ ಕೂತಿದ್ದವು.

ಮೇಡಂ ಕನ್ನಡಕ ತೆಗೆದರು. ‘ಹುಡುಗಿ ಒಂದು ಲೇಬಲ್ಲನ್ನೂ ತಪ್ಪು ಹಾಕಿಲ್ಲ’ ಅಂದರು. ‘ನೀವು ನೀರು ಹಾಕಿದಿರಿ ಕೆಂಪಣ್ಣ ಗಾರೂ. ನಾನು ಅವಳಿಗೆ ಏನಂದೆ ಗೊತ್ತಾ? ನಿನ್ನ ಕೈಗೆ ಈ ಕೆಲಸ ಆಗಿಬರಲ್ಲ ಅಂದೆ. ಅದಕ್ಕೆ ಯಾವ ಕ್ಯಾಲೆಂಡರ್ ತರಲಿ?’ ಅಂದರು.

ಅವರು ನಿಮಗೆ ಫೋನ್ ಮಾಡುತ್ತಾರೆ. ಅವರ ನಂಬರ್ ಬ್ಲಾಕ್ ಮಾಡಿದ್ದರೆ ದಯವಿಟ್ಟು ತೆಗೆಯಿರಿ. ಮೂವತ್ತರ ಒಳಗೆ ಕಾಗದಪತ್ರ ಆಗಬೇಕಂತೆ.

ನಾನು ಹೇಳಿಕೆ ಕೊಟ್ಟೆ. ಹಾರಿಕಾ ಬರೆದರು, ನಾನು ರುಜು ಹಾಕಿದೆ. ಸೋಮವಾರದಿಂದ ಗ್ರೀನ್‌ಹೌಸ್ ಇಲ್ಲ, ಗೇಟಿನ ಹತ್ತಿರ ಕೂರುತ್ತೇನೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಆ ಟೀ ಯಾಕೆ ತಂದೆ ಅಂತ ಕೇಳಿದ್ದೀರಿ. ಪ್ರತಿ ದಿನ ಹೇಳೋಣ ಅಂತಲೇ ಬರುತ್ತಿದ್ದೆ. ಬರಿಗೈಲಿ ಬರಲು ಧೈರ್ಯವಿರಲಿಲ್ಲ. ಲೋಟ ಕೊಟ್ಟ ಮೇಲೆ ಹೇಳಲು ಧೈರ್ಯವಿರುತ್ತಿರಲಿಲ್ಲ.

ಕೆಂಪಣ್ಣ


ವಿಜಯವಾಡ
೧೨ ಮೇ ೨೦೨೪

ಕೆಂಪಣ್ಣನವರೇ,

ನೋಂದಣಿ ಉಳಿಯಿತು. ಇಪ್ಪತ್ತೊಂಬತ್ತನೇ ತಾರೀಕು ಸಾಯಂಕಾಲ ನಾಲ್ಕಕ್ಕೆ ಕೊನೆಯ ಸಹಿ ಆಯಿತು. ಮೇಡಂ ಫೋನಿನಲ್ಲಿ ತುಂಬ ಹೊತ್ತು ಮಾತಾಡಿದರು. ಕ್ಷಮಿಸು ಎಂಬ ಮಾತು ಅವರ ಬಾಯಿಂದ ಕೇಳಿ ನನಗೇ ಸಂಕೋಚವಾಗಿ ‘ಪರವಾಗಿಲ್ಲ ಮೇಡಂ’ ಎಂದುಬಿಟ್ಟೆ. ಪರವಾಗಿಲ್ಲ ಎಂದೇನೂ ನನಗೆ ಅನ್ನಿಸಿರಲಿಲ್ಲ.

ನಿಮಗೆ ಆ ಮಾತು ಬರೆಯಲು ಇವತ್ತು ಕೈ ಬರುತ್ತಿಲ್ಲ. ಸುಳ್ಳು ಬರೆಯುವುದು ಬೇಡ. ಆದರೆ ನಿಮ್ಮ ಕಾಗದ ಬಂದ ದಿನ ಬೀಗ ಹಾಕಿ, ಬಸ್ ಹತ್ತಿ, ಬೆಂಜ್ ಸರ್ಕಲ್ ದಾಟಿದ ಮೇಲೆ ನೆನಪಾಯಿತು, ಎಳೆದು ನೋಡಿರಲಿಲ್ಲ.

ಜೂನ್‌ನಲ್ಲಿ ಬರುತ್ತೇನೆ. ಹಳೆಯ ಪ್ರಯೋಗ ಲೆಕ್ಕಕ್ಕಿಲ್ಲ, ಎಲ್ಲ ಮೊದಲಿಂದ ಮಾಡಬೇಕು. ಈ ಸಲ ಮೂರು ಗುಂಪು. ಬಾಡಿ, ಆಮೇಲೆ ನೀರು ಕಂಡ ಗಿಡ ತನ್ನ ಪಾಕವನ್ನು ಏನು ಮಾಡುತ್ತದೆ ಎಂಬುದು ನಾನು ಕೇಳಿಕೊಳ್ಳದೇ ಇದ್ದ ಪ್ರಶ್ನೆ.

ನಿಮ್ಮ ಎರಡು ವರ್ಷದ ಮಾತು ಹೋಯಿತಂತೆ. ನೀವು ಬರೆಯಲಿಲ್ಲ, ಹಾರಿಕಾ ಹೇಳಿದಳು. ‘ನಾನು ಹೇಳಿದೆ ಅನ್ನಬೇಡ’ ಎಂದಿದ್ದಾಳೆ.

ಪ್ರೇರಣಾ


ವಿಶಾಖಪಟ್ಟಣ
೧೮ ಅಕ್ಟೋಬರ್ ೨೦೨೪

ಕೆಂಪಣ್ಣನವರೇ,

ನಾನು ಬಂದು ಮೂರೇ ವಾರಕ್ಕೆ ನೀವು ಊರು ಬಿಟ್ಟಿರಿ. ಆ ಮೂರು ವಾರ ಗೇಟಿನಲ್ಲಿ ದಿನಾ ಇಬ್ಬರೂ ಬಿಸಿಲಿನ ಬಗ್ಗೆಯೇ ಮಾತಾಡಿದೆವು. ವಿಜಯವಾಡದಲ್ಲಿ ಮಗಳ ಮನೆ ಹೊಂದಿತೇ? ಕಾಳಮ್ಮನವರಿಗೆ ಬೆಟ್ಟದ ನೆನಪಾದರೆ ಮಂಗಳಗಿರಿಗೆ ಕರೆದುಕೊಂಡು ಹೋಗಿ, ಅಲ್ಲೂ ಬೆಟ್ಟ, ಅಲ್ಲೂ ನರಸಿಂಹ.

ಕುಂಡಗಳು ಸಿದ್ಧವಾಗಿವೆ. ಮೂವತ್ತಾರಲ್ಲ, ಐವತ್ತನಾಲ್ಕು. ಈ ಸಲ ತೂಕ ನಾನೇ ನೋಡುತ್ತೇನೆ. ಒಂದು ವಿಷಯ ಮಾತ್ರ ಗೊತ್ತಾಗುತ್ತಿಲ್ಲ. ಹೋದ ವರ್ಷದ ಒಂಬತ್ತು ಗಿಡಗಳ ಜೊತೆ ಹೋಲಿಸಬೇಕಾದರೆ ಮೂರನೇ ಗುಂಪಿಗೆ ಅಷ್ಟೇ ನೀರು ಬೀಳಬೇಕು. ‘ಎಷ್ಟು ನೀರು?’ ಎಂದು ಮೇಡಂ ಕೇಳಿದರು. ‘ಒಂದು ಚೊಂಬು’ ಎಂದೆ. ‘ಚೊಂಬು ಅಂದರೆ ಎಷ್ಟು ಮಿಲಿ?’ ಎಂದರು. ನನಗೆ ಗೊತ್ತಿಲ್ಲ, ಹಾರಿಕಾಗೆ ಗೊತ್ತಿಲ್ಲ, ಈ ಲ್ಯಾಬಿನಲ್ಲಿ ಯಾರಿಗೂ ಗೊತ್ತಿಲ್ಲ.

ನಿಮ್ಮ ಚೊಂಬು ಬೇಕು. ನೀವೂ ಬಂದರೆ ಒಳ್ಳೆಯದು. ಮೇಡಂ ಬೇಡ ಅನ್ನುವುದಿಲ್ಲ, ಕೇಳಿದ್ದೇನೆ.

ಟೀ ನಾನು ಕೊಡಿಸುತ್ತೇನೆ.

ಪ್ರೇರಣಾ


ವಿಜಯವಾಡ
೨೭ ಅಕ್ಟೋಬರ್ ೨೦೨೪, ಭಾನುವಾರ

ಪ್ರೇರಣಮ್ಮನವರಿಗೆ ಕೆಂಪಣ್ಣನ ನಮಸ್ಕಾರ.

ಚೊಂಬು ಈ ಪಾರ್ಸೆಲಿನಲ್ಲಿದೆ. ಕಾಳಮ್ಮ ಹುಣಸೆಹಣ್ಣು ಹಾಕಿ ಬೆಳಗಿದ್ದಾಳೆ. ಬೇಡ ಕಣೇ, ಹುಳಿ ಅಂಟಿದ್ದರೆ ಅವರ ಮಿಷನ್ ಹಿಡಿಯತ್ತೆ ಅಂತ ಮೂರು ಸಲ ತೊಳೆಸಿದ್ದೇನೆ. ನೀವೂ ಒಂದು ಸಲ ತೊಳೆದುಬಿಡಿ.

ಮೊಮ್ಮಗಳು ತನ್ನ ಕೆಮ್ಮಿನ ಔಷಧಿಯ ಅಳತೆ ಮುಚ್ಚಳದಲ್ಲಿ ಚೊಂಬಿನ ನೀರು ಅಳೆದಳು. ‘ತಾತಾ, ಮೂಡು ವಂದಲ ಪದಿ’ ಅಂದಳು. ಅಂದರೆ ಮುನ್ನೂರ ಹತ್ತು. ಅವಳಿಗೆ ಕನ್ನಡದಲ್ಲಿ ನೂರರ ಮೇಲೆ ಬರುವುದಿಲ್ಲ. ಆದರೆ ನಾನು ಯಾವತ್ತೂ ಕಂಠದವರೆಗೆ ತುಂಬುತ್ತಿರಲಿಲ್ಲ, ಚೆಲ್ಲುತ್ತದೆ ಅಂತ ಎರಡು ಬೆರಳು ಕೆಳಗೆ ನಿಲ್ಲಿಸುತ್ತಿದ್ದೆ. ನನ್ನ ಬೆರಳು. ಅಲ್ಲಿಗೆ ನೂಲು ಕಟ್ಟಿದ್ದೇನೆ. ಇನ್ನೊಂದು ಹೇಳಬೇಕು. ಮೂವತ್ತೈದನೇ ಕುಂಡ ಸಾಲಿನ ಕೊನೆ, ಬಾಗಿಲಿನ ಹತ್ತಿರ. ಯಾರಾದರೂ ಬಂದಾರೆಂಬ ಭಯಕ್ಕೆ ಅದಕ್ಕೆ ಯಾವಾಗಲೂ ಅರ್ಧವೇ ಬಿದ್ದಿದೆ. ಹಳೇ ಲೆಕ್ಕದಲ್ಲಿ ಅದನ್ನು ಒಂದು ಕಡೆ ಬರೆದುಕೊಳ್ಳಿ. ಒಂದು ಸಲ ಸುಳ್ಳು ಬರೆದವನು, ಈಗ ಅರ್ಧ ಚೊಂಬಿನ ವಿಷಯವೂ ಹೇಳದಿದ್ದರೆ ನಿದ್ದೆ ಬರುವುದಿಲ್ಲ.

ನಾನು ಬರುವುದಿಲ್ಲಮ್ಮ. ಕಾಲು ನೋವು ಅಂತ ಬರೆಯೋಣ ಅಂದುಕೊಂಡೆ, ಅದು ನಿಜವಲ್ಲ. ಬಂದರೆ ಒಣ ಸಾಲು ಕಣ್ಣಿಗೆ ಬೀಳುತ್ತದೆ. ಮತ್ತೆ ದ್ವಾದಶಿ ಬರುತ್ತಿದೆ. ನೀರಿಲ್ಲದಾಗ ಗಿಡ ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ ಅಂತ ನೀವು ಅವತ್ತೇ ಹೇಳಿದ್ದಿರಿ, ನಾನು ನಂಬಿರಲಿಲ್ಲ. ಈಗ ನಂಬುತ್ತೇನೆ. ಆದರೆ ನನ್ನ ಕೈ ನಂಬಿದೆಯೋ ಇಲ್ಲವೋ ಹೇಳಲಾರೆ. ಅದಕ್ಕೇ ಕೈಯನ್ನು ಇಲ್ಲೇ ಇಟ್ಟುಕೊಂಡು ಚೊಂಬು ಮಾತ್ರ ಕಳಿಸಿದ್ದೇನೆ.

ಒಣ ಸಾಲು ಬಾಡಿದರೆ ತಿಳಿಸಬೇಡಿ. ಎಲ್ಲ ಮುಗಿದ ಮೇಲೆ ಅವಕ್ಕೂ ನೀರು ಹಾಕಿದ ದಿನ ಒಂದು ಕಾರ್ಡು ಬರೆಯಿರಿ ಸಾಕು. ಆ ಟೀಯನ್ನು ಆಗ ಬಂದು ಕುಡಿಯುತ್ತೇನೆ.

ಕೆಂಪಣ್ಣ

ಚೊಂಬಿನ ಹೊಟ್ಟೆಯಲ್ಲಿ ಒಂದು ನೆಗ್ಗು ಇದೆ. ಹೋದ ವರ್ಷವೂ ಇತ್ತು. ನೋಡಲು ಚೆನ್ನಾಗಿಲ್ಲ ಅಂತ ತಟ್ಟಿಸಿ ಸರಿ ಮಾಡಿಸಬೇಡಿ, ಅಳತೆ ತಪ್ಪುತ್ತದೆ.